ಕೆಎ-42 ಲೈಸೆನ್ಸಿಗೆ ಕಡಲಾಚೆ ಏನು ಬೆಲೆ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಹುಡುಗನೊಬ್ಬ ಕಾರು ಕಲಿತು ರಾಮನಗರದ ಆರ್‌ಟಿಓದಲ್ಲಿ ಲೈಸೆನ್ಸ್ ಮಾಡಿಸಿದರೆ ಅದರ ನಂಬರು ಕೆಎ-42ರಿಂದ ಶುರುವಾಗುತ್ತದೆ. ಆ ಕಾರ್ಡು ಜೇಬಿನಲ್ಲಿದ್ದರೆ ಅವನು ಸಂಗಮದ ಕಡೆಯ ತಿರುವುಗಳಲ್ಲೂ ಓಡಿಸಬಹುದು, ಲಡಾಖಿನ ಘಾಟಿಯಲ್ಲೂ ಓಡಿಸಬಹುದು. ಲೈಸೆನ್ಸ್ ಎಲ್ಲಿ ಕೊಟ್ಟಿದ್ದರೂ ಭಾರತದಾದ್ಯಂತ ಅದು ಊರ್ಜಿತ ಎಂದು 1988ರ ಮೋಟಾರು ವಾಹನ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಅದೇ ಕಾರ್ಡನ್ನು ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಮೆಲ್ಬರ್ನಿನಲ್ಲೋ ಕೌಂಟರಿನ ಮೇಲಿಟ್ಟು, ಇದನ್ನು ತೆಗೆದುಕೊಂಡು ನಿಮ್ಮ ಊರಿನದೊಂದು ಕೊಡಿ ಎಂದರೆ ಸಿಗುವ ಉತ್ತರ ಒಂದೇ. ಮೊದಲು ಪರೀಕ್ಷೆ ಕೊಡಿ.

ಇದೇ ವಹಿವಾಟು ಎದುರು ದಿಕ್ಕಿನಲ್ಲಿ ಹೇಗಿದೆ ನೋಡಿ. ಲಂಡನ್ನಿನ ಅಥವಾ ಬರ್ಲಿನ್ನಿನ ಲೈಸೆನ್ಸ್ ಇರುವವರು ಬಂದು ಕನಕಪುರ ಸೀಮೆಯಲ್ಲಿ ನೆಲೆಸಿ, ಇಲ್ಲಿನ ಲೈಸೆನ್ಸ್ ಬೇಕೆಂದು ಅರ್ಜಿ ಹಾಕಿದರೆ ನಮ್ಮ ಕಾಯ್ದೆ ಬಹಳ ಉದಾರವಾಗಿದೆ. ಭಾರತದ ಹೊರಗಿನ ಯಾವುದೇ ದೇಶದ ಸಕ್ಷಮ ಪ್ರಾಧಿಕಾರ ಕೊಟ್ಟ ಲೈಸೆನ್ಸ್ ಇದ್ದವರಿಗೆ, ಆ ವರ್ಗದ ವಾಹನಕ್ಕೆ ಮತ್ತೆ ಓಡಿಸುವ ಪರೀಕ್ಷೆ ಅಗತ್ಯವಿಲ್ಲ ಎನ್ನುತ್ತದೆ 9ನೇ ಸೆಕ್ಷನ್. ವೈದ್ಯಕೀಯ ನಿಯಮ ಪಾಲಿಸಿದ್ದರೆ, ಇತರರಿಗೆ ಅಪಾಯ ತರುವಂಥ ದೈಹಿಕ ತೊಂದರೆ ಇಲ್ಲದಿದ್ದರೆ ಸಾಕು. ‘ಯಾವುದೇ ದೇಶ’ ಎಂಬ ಮಾತನ್ನು ಗಮನಿಸಿ. ನಮ್ಮ ಲೈಸೆನ್ಸನ್ನು ಅವರು ಒಪ್ಪುತ್ತಾರೋ ಇಲ್ಲವೋ ಎಂಬ ಲೆಕ್ಕಾಚಾರ ಅದರಲ್ಲಿಲ್ಲ.

ಒಂದು ಕಡೆ ಬಾಗಿಲು ಪೂರ್ತಿ ತೆರೆದಿದೆ, ಇನ್ನೊಂದು ಕಡೆ ಮುಚ್ಚಿದೆ. ಇದು ನಮಗೆ ಮಾಡಿದ ಅವಮಾನ ಎಂದು ಸಿಟ್ಟಾಗುವವರಿದ್ದಾರೆ. ಸಿಟ್ಟು ಸಹಜ. ಹತ್ತು ವರ್ಷ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಲಚ್ ಒತ್ತಿದವನನ್ನು ಹೊಸಬನ ಸಾಲಿನಲ್ಲಿ ಕೂರಿಸಿದರೆ ಯಾರಿಗೆ ತಾನೇ ನೋವಾಗದು? ಆದರೆ ಲೈಸೆನ್ಸ್ ಬದಲಾವಣೆ ಎಂಬುದು ಚಾಲಕನ ಕೈಚಳಕವನ್ನು ಅಳೆಯುವ ವ್ಯವಸ್ಥೆಯಲ್ಲ. ಒಂದು ಸರ್ಕಾರ ಇನ್ನೊಂದು ಸರ್ಕಾರ ನಡೆಸುವ ಪರೀಕ್ಷೆಯ ಮೇಲೆ ಎಷ್ಟು ನಂಬಿಕೆ ಇಟ್ಟಿದೆ ಎಂಬುದಷ್ಟೇ ಅಲ್ಲಿ ಗೊತ್ತಾಗುವುದು.

ಇದಕ್ಕೆ ಬ್ರಿಟನ್ನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಭಾರತದ ಲೈಸೆನ್ಸ್ ಇದ್ದವರು ಅಲ್ಲಿ ವಾಸ ಶುರುಮಾಡಿದ ಮೇಲೆ 12 ತಿಂಗಳು ಓಡಿಸಬಹುದು. ಅಷ್ಟರೊಳಗೆ ಅಲ್ಲಿನ ಪ್ರಾವಿಷನಲ್ ಲೈಸೆನ್ಸ್ ತೆಗೆದುಕೊಂಡು ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಪಾಸು ಮಾಡದಿದ್ದರೆ 13ನೇ ತಿಂಗಳಿನಿಂದ ಸ್ಟೇರಿಂಗ್ ಹಿಡಿದು ಒಬ್ಬರೇ ಹೊರಡುವ ಹಾಗಿಲ್ಲ. ಕೆಲವು ದೇಶಗಳ ಲೈಸೆನ್ಸನ್ನು ಮಾತ್ರ ಬ್ರಿಟನ್ ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡುತ್ತದೆ. ಆಸ್ಟ್ರೇಲಿಯಾ, ಜಪಾನ್, ಸಿಂಗಪುರ, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಆ ಪಟ್ಟಿಯಲ್ಲಿವೆ. ಭಾರತ ಇಲ್ಲ. 2021ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಅಂದರೆ ಯುಎಇ, ಅದಕ್ಕೆ ಸೇರಿತು.

ಕರಾವಳಿಯ ಎಷ್ಟೋ ಮನೆಗಳಿಗೆ ಇದು ಸಂಬಂಧಪಟ್ಟ ಸಂಗತಿ. ಮಂಗಳೂರಿನ ಅಣ್ಣತಮ್ಮಂದಿರಿಬ್ಬರನ್ನು ಊಹಿಸಿಕೊಳ್ಳಿ. ಇಬ್ಬರೂ ಒಂದೇ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಕೆಎ-19 ಲೈಸೆನ್ಸ್ ಪಡೆದವರು. ಅಣ್ಣ ದುಬೈಗೆ ಹೋದ. ಅಲ್ಲಿಯೂ ಭಾರತದ ಲೈಸೆನ್ಸ್ ನೇರವಾಗಿ ಬದಲಾಗುವುದಿಲ್ಲ. ಡ್ರೈವಿಂಗ್ ಇನ್‌ಸ್ಟಿಟ್ಯೂಟ್ ಸೇರಿ, ತರಗತಿ ಮುಗಿಸಿ, ಪಾರ್ಕಿಂಗ್ ಟೆಸ್ಟು, ರೋಡ್ ಟೆಸ್ಟು ದಾಟಬೇಕು. ‘ಗೋಲ್ಡನ್ ಚಾನ್ಸ್’ ಎಂಬ ಹೆಸರಿನಲ್ಲಿ, ಸ್ವದೇಶದ ಲೈಸೆನ್ಸ್ ಇರುವವರಿಗೆ ತರಗತಿಯಿಲ್ಲದೆ ಒಂದೇ ಒಂದು ಸಲ ನೇರವಾಗಿ ಪರೀಕ್ಷೆ ಕೊಡುವ ಅವಕಾಶ ಬಂದಿದೆ. ಫೇಲಾದರೆ ಮತ್ತೆ ಎಲ್ಲರಂತೆ ತರಗತಿ. ಅಣ್ಣ ಹೇಗೋ ಪಾಸಾದ. ಕೆಲವು ವರ್ಷಗಳ ನಂತರ ಅಣ್ಣ ದುಬೈಯಿಂದ, ತಮ್ಮ ಮಂಗಳೂರಿನಿಂದ, ಇಬ್ಬರೂ ಲಂಡನ್ನಿಗೆ ಹೋದರು. ಅಣ್ಣ ತನ್ನ ದುಬೈ ಲೈಸೆನ್ಸ್ ಒಪ್ಪಿಸಿ ಬ್ರಿಟನ್ನಿನದನ್ನು ಪಡೆಯಬಹುದು. ತಮ್ಮ ಎಲ್ ಬೋರ್ಡು ಹಚ್ಚಿಕೊಂಡು ಹೊಸದಾಗಿ ಶುರುಮಾಡಬೇಕು. ಇಬ್ಬರೂ ಹುಟ್ಟಿದ್ದು ಒಂದೇ ಮನೆಯಲ್ಲಿ, ಪಾಸ್‌ಪೋರ್ಟು ಒಂದೇ ದೇಶದ್ದು. ನಡುವೆ ಇರುವ ವ್ಯತ್ಯಾಸ ಅಣ್ಣ ಕುಳಿತ ಒಂದು ಪರೀಕ್ಷೆ ಮಾತ್ರ. ಚಾಲಕ ಭಾರತೀಯ ಎಂಬ ಕಾರಣಕ್ಕೆ ಅವರು ಬಾಗಿಲು ಹಾಕಿಲ್ಲ ಎಂಬುದು ಇಲ್ಲಿಗೆ ಸ್ಪಷ್ಟವಾಯಿತು.

ಹಾಗಾದರೆ ನಮ್ಮ ಪರೀಕ್ಷೆ ಹೇಗಿದೆ? ಎಲ್‌ಎಲ್‌ಆರ್‌ಗೆ ಅಂದರೆ ಕಲಿಕಾ ಲೈಸೆನ್ಸಿಗೆ ಬರೆಯುವ ಪ್ರಶ್ನೆಗಳಲ್ಲಿ ಶೇ 60 ಸರಿಯಾದರೆ ಸಾಕು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಆಧಾರ್ ಮೂಲಕ ಅರ್ಜಿ ಹಾಕಿದವರು ಇದನ್ನು ಮನೆಯಲ್ಲೇ ಕುಳಿತು ಮುಗಿಸಬಹುದು. 30 ದಿನ ಕಳೆದ ಮೇಲೆ ಪ್ರಾಕ್ಟಿಕಲ್. ನಮ್ಮ ಜನ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರ ಎದುರು ಎಂಟು ಹಾಕಿ, ಸ್ವಲ್ಪ ರಿವರ್ಸ್ ತೆಗೆದು ತೋರಿಸಿದರೆ ಹೆಚ್ಚಿನ ಕಡೆ ಕೆಲಸ ಮುಗಿಯಿತು. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್ ಇರುವ ಸ್ವಯಂಚಾಲಿತ ಪರೀಕ್ಷಾ ಪಥ ಬಂದು ಅಲ್ಲಿ ಕಣ್ತಪ್ಪಿಸುವುದು ಕಷ್ಟವಾಗಿದೆ, ಅದು ಒಳ್ಳೆಯದೇ. ಆದರೆ ಅಂಥ ಪಥದಲ್ಲೂ ಎದುರಿನಿಂದ ಬಸ್ಸು ಬರುವುದಿಲ್ಲ, ಮಗು ರಸ್ತೆಗೆ ಓಡಿ ಬರುವುದಿಲ್ಲ, ಮಳೆ ಇರುವುದಿಲ್ಲ, ಕತ್ತಲೂ ಇರುವುದಿಲ್ಲ.

ಬ್ರಿಟನ್ನಿನ ಥಿಯರಿಯಲ್ಲಿ 50 ಪ್ರಶ್ನೆಗೆ 43 ಸರಿಯಿರಬೇಕು. ಜೊತೆಗೆ ಹಜಾರ್ಡ್ ಪರ್ಸೆಪ್ಷನ್ ಎಂಬ ವಿಡಿಯೊ ಪರೀಕ್ಷೆ. ತೆರೆಯ ಮೇಲೆ ರಸ್ತೆ ಓಡುತ್ತಿರುತ್ತದೆ, ಅಪಾಯ ಮೊಳೆಯುತ್ತಿರುವಾಗಲೇ ಕ್ಲಿಕ್ ಮಾಡಬೇಕು. ತಡವಾದಷ್ಟೂ ಅಂಕ ಕಡಿಮೆ. 75ಕ್ಕೆ 44 ಬಂದರೆ ಪಾಸು. ಪ್ರಾಕ್ಟಿಕಲ್ ಶುರುವಾಗುವುದು 20 ಮೀಟರ್ ದೂರದ ನಂಬರ್ ಪ್ಲೇಟ್ ಓದುವುದರಿಂದ. ಆಮೇಲೆ ನಿಜವಾದ ವಾಹನ ಸಂಚಾರದ ನಡುವೆ ಸುಮಾರು 40 ನಿಮಿಷ. ಅದರಲ್ಲಿ ಸಾಕಷ್ಟು ಹೊತ್ತು ಪರೀಕ್ಷಕರು ಹೆಜ್ಜೆಹೆಜ್ಜೆಗೂ ಹೇಳಿಕೊಡುವುದಿಲ್ಲ, ಬೋರ್ಡು ಅಥವಾ ಸ್ಯಾಟ್‌ನ್ಯಾವ್ ನೋಡಿಕೊಂಡು ನಾವೇ ದಾರಿ ಹಿಡಿಯಬೇಕು. ಸಣ್ಣ ತಪ್ಪು 15ರವರೆಗೆ ಕ್ಷಮೆ. ಗಂಭೀರ ತಪ್ಪು ಒಂದಾದರೂ ಆದರೆ ಫೇಲು. ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದವರಿಗೆ ಗೇರಿನ ಕಾರು ಓಡಿಸುವ ಹಕ್ಕು ಸಿಗುವುದಿಲ್ಲ. ಜರ್ಮನಿಯಲ್ಲಿ ನಮ್ಮ ಲೈಸೆನ್ಸಿನ ಆಯುಸ್ಸು ವಾಸ ಶುರುವಾದ ಮೇಲೆ ಆರು ತಿಂಗಳು ಮಾತ್ರ. ಆಮೇಲೆ ಪ್ರಥಮ ಚಿಕಿತ್ಸೆಯ ತರಬೇತಿ, ಕಣ್ಣಿನ ತಪಾಸಣೆ, 30 ಪ್ರಶ್ನೆಗಳ ಥಿಯರಿ, ರಸ್ತೆ ಪರೀಕ್ಷೆ. ಹೊಸಬರಿಗಿರುವ ಕಡ್ಡಾಯ ತರಗತಿಗಳಿಂದ ವಿನಾಯಿತಿ ಸಿಗುತ್ತದೆ, ಪರೀಕ್ಷೆಯಿಂದ ಸಿಗುವುದಿಲ್ಲ. ಜಪಾನಿನಲ್ಲಿ ವಿದೇಶಿ ಲೈಸೆನ್ಸ್ ಬದಲಾಯಿಸುವವರಿಗೆ ಮೊದಲು ಹತ್ತು ಪ್ರಶ್ನೆಗಳಿದ್ದವು. 2025ರ ಅಕ್ಟೋಬರಿನಿಂದ 50 ಪ್ರಶ್ನೆ ಮಾಡಿ, ಶೇ 90 ಸರಿಯಿರಬೇಕೆಂದು ಬಿಗಿ ಮಾಡಿದರು. ಲೋಕ ಈ ವಿಷಯದಲ್ಲಿ ಸಡಿಲವಾಗುತ್ತಿಲ್ಲ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದ ಅಂಕಿ. ಈ ಸಾವುಗಳಿಗೆಲ್ಲ ಲೈಸೆನ್ಸ್ ಪರೀಕ್ಷೆಯೇ ಕಾರಣವಲ್ಲ, ರಸ್ತೆಯ ವಿನ್ಯಾಸ, ವೇಗ, ಹೆಲ್ಮೆಟ್ಟು, ಆಂಬುಲೆನ್ಸು ಎಲ್ಲವೂ ಸೇರುತ್ತವೆ. ಆದರೆ ಈ ಅಂಕಿಯನ್ನು ನೋಡಿದ ಇನ್ನೊಂದು ದೇಶದ ಸಾರಿಗೆ ಅಧಿಕಾರಿ ನಮ್ಮ ಕಾರ್ಡನ್ನು ಕಣ್ಣು ಮುಚ್ಚಿ ಒಪ್ಪಬೇಕೆಂದು ನಾವು ಹೇಗೆ ಕೇಳುವುದು?

ಇಷ್ಟು ತಿಳಿದ ಮೇಲೆ ಹೊರಡುವವರ ಕೆಲಸದ ಮಾತಿಗೆ ಬರೋಣ. ಹೆಚ್ಚು ಗೊಂದಲ ಇರುವುದು ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ವಿಷಯದಲ್ಲಿ. ಅದೊಂದು ದೊಡ್ಡ ಲೈಸೆನ್ಸ್, ಅದಿದ್ದರೆ ಎಲ್ಲ ದೇಶದಲ್ಲೂ ಎಷ್ಟು ವರ್ಷ ಬೇಕಾದರೂ ಓಡಿಸಬಹುದು ಎಂದು ನಂಬಿದವರನ್ನು ನೋಡಿದ್ದೇನೆ. ಐಡಿಪಿ ನಮ್ಮ ಲೈಸೆನ್ಸಿನ ಅಧಿಕೃತ ಅನುವಾದ, ಅಷ್ಟೇ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಅವಧಿ ಒಂದು ವರ್ಷ, ಅದಕ್ಕೂ ಮೊದಲೇ ಮೂಲ ಲೈಸೆನ್ಸ್ ಮುಗಿದರೆ ಅಲ್ಲಿಗೆ ಇದೂ ಮುಗಿಯಿತು. ಇದರ ಬೇರು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದಲ್ಲಿದೆ, ಭಾರತ ಅದರ ಸದಸ್ಯ. 1968ರ ವಿಯೆನ್ನಾ ಒಪ್ಪಂದ ಬೇರೆ, ಅದಕ್ಕೆ ನಾವು ಸೇರಿಲ್ಲ. ಜಪಾನ್ ಒಪ್ಪುವುದು 1949ರದ್ದನ್ನು, ಹಾಗಾಗಿ ನಮ್ಮ ಐಡಿಪಿ ಅಲ್ಲಿ ನಡೆಯುತ್ತದೆ. ಪ್ರವಾಸಿಗೆ, ಮೊದಲ ಕೆಲವು ತಿಂಗಳ ಓಡಾಟಕ್ಕೆ ಐಡಿಪಿ ಬಹಳ ಉಪಯೋಗ. ವಾಸ ಹೂಡಿದವರಿಗೆ ಅದು ಪರಿಹಾರವಲ್ಲ.

ಮಾಡಿಸುವುದು ಕಷ್ಟವಿಲ್ಲ. ಸಾರಥಿ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಫಾರಂ 4-ಎ ತುಂಬಬೇಕು, ಶುಲ್ಕ ₹1,000, ಲೈಸೆನ್ಸು, ಪಾಸ್‌ಪೋರ್ಟು, ಫೋಟೊ. 2021ರ ಜನವರಿಯ ಅಧಿಸೂಚನೆ ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರದ ಷರತ್ತನ್ನು ಸಡಿಲಿಸಿತು. ಹೊರದೇಶದಲ್ಲಿದ್ದಾಗ ಐಡಿಪಿ ಮುಗಿದರೆ ಭಾರತದ ರಾಯಭಾರ ಕಚೇರಿಯ ಮೂಲಕ ಹೊಸದಕ್ಕೆ ಅರ್ಜಿ ಹಾಕುವ ದಾರಿಯನ್ನೂ ತೆರೆಯಿತು. 2022ರ ಆಗಸ್ಟ್‌ನಿಂದ ದೇಶಕ್ಕೆಲ್ಲ ಒಂದೇ ನಮೂನೆ, ಕ್ಯೂಆರ್ ಕೋಡ್ ಸಮೇತ.

ನಿಜವಾದ ತೊಡಕು ಬರುವುದು ಹೆಸರಿನಲ್ಲಿ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹೆಸರಿನ ಮುಂದೆ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ. ಉಯ್ಯಂಬಳ್ಳಿ ಚಿಕ್ಕೇಗೌಡರ ಮಗ ಶಿವರಾಜು ಅಂದರೆ ಶಾಲೆಯ ದಾಖಲೆಯಲ್ಲಿ ಯು. ಸಿ. ಶಿವರಾಜು. ಲೈಸೆನ್ಸಿನಲ್ಲಿ ಬರೀ ಶಿವರಾಜು ಇರಬಹುದು, ಅಥವಾ ಶಿವರಾಜು ಯು ಸಿ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕು, ಆಗ ಊರೇ ಮನೆತನದ ಹೆಸರಾಗುತ್ತದೆ, ಇಲ್ಲವೇ ಅಪ್ಪ ಆಗುತ್ತಾರೆ. ಮೇಲಾಗಿ ಇಂಗ್ಲಿಷಿನಲ್ಲಿ ಬರೆಯುವಾಗ ಒಂದರಲ್ಲಿ ಶಿವರಾಜು, ಇನ್ನೊಂದರಲ್ಲಿ ಶಿವರಾಜ್. ನಮ್ಮ ಊರಿನ ಗುಮಾಸ್ತರಿಗೆ ಇದೆಲ್ಲ ಒಬ್ಬನೇ ಎಂದು ತಿಳಿಯುತ್ತದೆ. ಟೊರಾಂಟೊದ ಕೌಂಟರಿನಲ್ಲಿ ಕುಳಿತವರಿಗೆ ಇವರು ಮೂವರು ಬೇರೆಬೇರೆ ಮನುಷ್ಯರು. ಹುಟ್ಟಿದ ತಾರೀಖು ಸರಿಯಿದ್ದರೂ ಹೆಸರು ಹೊಂದದಿದ್ದರೆ ಕಡತ ಮುಂದಕ್ಕೆ ಹೋಗುವುದಿಲ್ಲ. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಆದ್ದರಿಂದ ಹೊರಡುವ ಮೊದಲೇ ಲೈಸೆನ್ಸಿನ ಹೆಸರನ್ನು ಪಾಸ್‌ಪೋರ್ಟಿಗೆ ಸರಿಯಾಗಿ ತಿದ್ದಿಸಿಕೊಳ್ಳಬೇಕು. ಊರಲ್ಲಿದ್ದಾಗ ಇದು ಕೆಲವು ದಿನದ ಕೆಲಸ. ಕಡಲಾಚೆ ಹೋದ ಮೇಲೆ ಮನೆಯವರನ್ನೆಲ್ಲ ಓಡಾಡಿಸುವ ಕೆಲಸ.

ಎರಡನೆಯ ತೊಡಕು ಮೊದಲ ಲೈಸೆನ್ಸ್ ಸಿಕ್ಕ ದಿನಾಂಕದ್ದು. ಕೆನಡಾದ ಒಂಟಾರಿಯೊದಲ್ಲಿ ಜಿ-1, ಜಿ-2, ಜಿ ಎಂದು ಮೂರು ಮೆಟ್ಟಿಲು. ಲೈಸೆನ್ಸ್ ಕೊಟ್ಟ ಪ್ರಾಧಿಕಾರದ ಪತ್ರದ ಮೂಲಕ ಎರಡು ವರ್ಷಕ್ಕಿಂತ ಹೆಚ್ಚಿನ ಅನುಭವ ತೋರಿಸಿದವರು ಜ್ಞಾನಪರೀಕ್ಷೆ ಪಾಸಾಗಿ ನೇರ ಕೊನೆಯ ರಸ್ತೆ ಪರೀಕ್ಷೆಗೆ ಹೋಗಬಹುದು. ಪತ್ರವಿಲ್ಲದವರ ಅನುಭವಕ್ಕೆ ಅಷ್ಟು ಬೆಲೆ ಸಿಗುವುದಿಲ್ಲ. ನಮ್ಮ ಕಾರ್ಡು ನವೀಕರಿಸಿದಾಗ ಕೆಲವೊಮ್ಮೆ ಹೊಸ ದಿನಾಂಕವೇ ಎದ್ದು ಕಾಣುತ್ತದೆ, ಹದಿನೈದು ವರ್ಷದ ಅನುಭವ ನಿನ್ನೆಯದಾಗಿ ತೋರುತ್ತದೆ. ಸಾರಥಿಯಲ್ಲಿ ಲೈಸೆನ್ಸಿನ ಪೂರ್ತಿ ದಾಖಲೆ ಕೊಡುವ ಡಿಎಲ್ ಎಕ್ಸ್‌ಟ್ರ್ಯಾಕ್ಟ್ ಎಂಬ ಸೇವೆ ಇರುವುದು ಇಂಥ ಹೊತ್ತಿಗೆ. ಹಳೆಯ ಪುಸ್ತಕದ ಲೈಸೆನ್ಸ್ ಇನ್ನೂ ಇಟ್ಟುಕೊಂಡವರು ಅದು ಕಂಪ್ಯೂಟರಿಗೆ ಏರಿದೆಯೇ ಎಂದು ಮೊದಲು ನೋಡಬೇಕು. ಏರದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸದೆ ಯಾವ ಸೇವೆಯೂ ಸಿಗುವುದಿಲ್ಲ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ವಾಸಿಯಾದ 10 ದಿನದೊಳಗೆ ಅಲ್ಲಿನ ಲೈಸೆನ್ಸಿಗೆ ಹೋಗಬೇಕು, ನ್ಯೂಜೆರ್ಸಿಯಲ್ಲಿ 60 ದಿನ, ಟೆಕ್ಸಸ್ಸಿನಲ್ಲಿ 90 ದಿನ. ಗೆಳೆಯರು ವಾಟ್ಸಾಪಿನಲ್ಲಿ ಹೇಳಿದ ಅವಧಿಯನ್ನು ನಂಬಬೇಡಿ. ಅವರ ರಾಜ್ಯ ಬೇರೆ, ನಿಮ್ಮದು ಬೇರೆ.

ಇನ್ನು ಮರಳಿ ಬರುವವರು. ಕನಕಪುರ ರಸ್ತೆಯುದ್ದಕ್ಕೂ ಬಡಾವಣೆ, ತೋಟದ ಮನೆ ಎದ್ದಿವೆ. ಹೊರದೇಶದಲ್ಲಿ ದುಡಿದು ಬಂದು ಎರಡೆಕರೆ ಕೊಂಡು ನೆಲೆಸಿದವರು ತಾಲ್ಲೂಕಿನ ಒಳಗೂ ಸಿಗುತ್ತಾರೆ. ಇವರಲ್ಲಿ ಕೆಲವರು ಅಮೆರಿಕದ ಕಾರ್ಡು ಇಟ್ಟುಕೊಂಡೇ ವರ್ಷಗಟ್ಟಲೆ ಓಡಿಸುತ್ತಾರೆ. ಆ ದೇಶದ ಐಡಿಪಿ ಇಲ್ಲದೆ, ಅಥವಾ ಐಡಿಪಿಯ ಒಂದು ವರ್ಷ ಮುಗಿದ ಮೇಲೆ, ಇಲ್ಲಿ ವಾಸಿಯಾಗಿ ಹಾಗೆ ಓಡಿಸುವುದು ದೊಡ್ಡ ಅಪಾಯ. ಲೈಸೆನ್ಸಿಲ್ಲದ ಚಾಲನೆಗೆ 181ನೇ ಸೆಕ್ಷನ್ನಿನಲ್ಲಿ ₹5,000 ದಂಡ, ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ದಂಡಕ್ಕಿಂತ ಭಾರವಾದದ್ದು ವಿಮೆ. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಚಾಲಕನಿಗೆ ಊರ್ಜಿತ ಲೈಸೆನ್ಸ್ ಇಲ್ಲದಿದ್ದರೂ ಗಾಯಗೊಂಡವರಿಗೆ ಪರಿಹಾರ ಕೊಡಲು ವಿಮಾ ಕಂಪನಿಗೆ ಆದೇಶಿಸಬಹುದು. ಮಾಲೀಕನ ತಪ್ಪು ರುಜುವಾತಾದರೆ ಆ ಹಣವನ್ನು ಕಂಪನಿ ಅವನಿಂದಲೇ ವಸೂಲಿ ಮಾಡುತ್ತದೆ. ತೋಟ ಮಾರಿದರೂ ಸಾಲದ ಮೊತ್ತ ಬಂದೀತು.

ಹೋಗುವ ಮೊದಲು ಮಾಡಿಸಿದ ಭಾರತದ ಲೈಸೆನ್ಸ್ ಇನ್ನೂ ಜೀವಂತವಿದ್ದರೆ ಬದಲಾವಣೆಯ ಪ್ರಶ್ನೆಯೇ ಇಲ್ಲ, ಅದೇ ಸಾಕು. 2019ರ ತಿದ್ದುಪಡಿಯ ನಂತರ 30 ವರ್ಷದೊಳಗೆ ಪಡೆದ ಲೈಸೆನ್ಸ್ 40 ವಯಸ್ಸಿನವರೆಗೆ ನಡೆಯುತ್ತದೆ. 30ರಿಂದ 50ರೊಳಗೆ ಪಡೆದರೆ ಹತ್ತು ವರ್ಷ. ಮುಗಿದು ಒಂದು ವರ್ಷದೊಳಗಿದ್ದರೆ ಪರೀಕ್ಷೆಯಿಲ್ಲದೆ ನವೀಕರಣ, ಅದಕ್ಕೂ ಮೀರಿದರೆ ಮತ್ತೆ ಪರೀಕ್ಷೆ. ರಜೆಗೆ ಊರಿಗೆ ಬಂದಾಗ ಈ ದಿನಾಂಕವನ್ನು ಒಮ್ಮೆ ನೋಡಿಕೊಂಡು ಹೋಗುವುದು ಎಷ್ಟೋ ಓಡಾಟ ಉಳಿಸುತ್ತದೆ.

ವಿದೇಶಿ ಲೈಸೆನ್ಸ್ ಮಾತ್ರ ಇರುವವರಿಗೆ 9ನೇ ಸೆಕ್ಷನ್ನಿನ ವಿನಾಯಿತಿ ಇದೆ, ನಿಜ. ಆದರೂ ನಾನು ಹೇಳುವುದು, ಕಾಯ್ದೆ ಬಿಟ್ಟರೂ ನೀವು ಬಿಡಬೇಡಿ, ಡ್ರೈವಿಂಗ್ ಸ್ಕೂಲಿನವರ ಪಕ್ಕ ಕುಳಿತು ಕೆಲವು ವಾರ ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ಬಲಬದಿಯಲ್ಲಿ ಇಪ್ಪತ್ತು ವರ್ಷ ಓಡಿಸಿದ ಕೈ ಗಾಬರಿಯಾದಾಗ ಬಲಕ್ಕೇ ಎಳೆಯುತ್ತದೆ. ಉಯ್ಯಂಬಳ್ಳಿ ಸುತ್ತಿನ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ಟಾರಿನ ಮೇಲೆಯೇ ಹುರುಳಿ, ರಾಗಿ ಹರವಿರುತ್ತಾರೆ. ಸಂಜೆ ದನ ಮನೆಗೆ ಬರುವ ಹೊತ್ತು. ಕಾವೇರಿ ವನ್ಯಜೀವಿ ಧಾಮದ ಅಂಚಿನಲ್ಲಿ ರಾತ್ರಿ ಆನೆ ರಸ್ತೆ ದಾಟುತ್ತದೆ. ಇದ್ಯಾವುದೂ ಜರ್ಮನಿಯ 30 ಪ್ರಶ್ನೆಗಳಲ್ಲಿ ಬರುವುದಿಲ್ಲ. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ರಾಮನಗರ ಚನ್ನಪಟ್ಟಣದ ಬದಿಯಲ್ಲಿ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಇದೆ. ಸಾವುಗಳು ಹೆಚ್ಚಿದ್ದರಿಂದ ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧಿಸಿದರು. ಅಲ್ಲಿ ಮಾತ್ರ ವಿದೇಶದಲ್ಲಿ ಕಲಿತ ಪಥಶಿಸ್ತು, ಇಂಡಿಕೇಟರ್ ಹಾಕುವ ಅಭ್ಯಾಸ ಪ್ರಾಣ ಉಳಿಸುವ ವಿದ್ಯೆ. ಅದನ್ನು ಇಲ್ಲಿಗೆ ಬಂದ ಕೂಡಲೇ ಮರೆಯಬೇಡಿ ಎಂದು ಅವರಲ್ಲಿ ಕೇಳಿಕೊಳ್ಳಬೇಕು.

ಬ್ರಿಟನ್ನಿನ ಪಟ್ಟಿಗೆ ಭಾರತ ಸೇರಬೇಕೆಂದು ದೆಹಲಿಯಲ್ಲಿ ಮಾತುಕತೆ ನಡೆಸಿದರೆ ಮಾತ್ರ ಸಾಲದು. ಪರೀಕ್ಷಾ ಪಥ ಮುಗಿದ ಮೇಲೆ ನಿಜವಾದ ರಸ್ತೆಯಲ್ಲಿ ಅರ್ಧ ಗಂಟೆಯ ಪರೀಕ್ಷೆ, ಎಲ್‌ಎಲ್‌ಆರ್‌ಗೆ ಶೇ 60ರ ಬದಲು ಶೇ 85, ಮನೆಯಿಂದ ಬರೆಯುವುದರ ಬದಲು ಕಚೇರಿಯಲ್ಲಿ ಕೂರಿಸಿ ಬರೆಸುವುದು, ಇಷ್ಟನ್ನಾದರೂ ಸಾರಿಗೆ ಇಲಾಖೆ ಮತ್ತು ಕೇಂದ್ರ ಸಚಿವಾಲಯ ಕೂಡಿ ತರಬೇಕು. ಪಾಸಾಗುವವರು ಕಡಿಮೆಯಾಗುತ್ತಾರೆ, ಬೈಗುಳ ಬರುತ್ತದೆ, ಬರಲಿ. ಮಕ್ಕಳನ್ನು ಹೊರದೇಶಕ್ಕೆ ಕಳಿಸಲು ಸಿದ್ಧತೆ ನಡೆಸಿರುವ ತಂದೆತಾಯಂದಿರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ಬ್ರೋಕರ್ ಕೈಗೆ ದುಡ್ಡಿಟ್ಟು ಲೈಸೆನ್ಸ್ ತರಿಸಬೇಡಿ. ಮಗನೋ ಮಗಳೋ ಮಳೆಯಲ್ಲಿ, ರಾತ್ರಿಯಲ್ಲಿ, ಹೆದ್ದಾರಿಯಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತು ಕಲಿಯಲಿ. ವಿಮಾನದ ಟಿಕೆಟ್ ತೆಗೆಯುವ ಮೊದಲು ಲೈಸೆನ್ಸಿನ ಹೆಸರು, ಮೊದಲು ಕೊಟ್ಟ ದಿನಾಂಕ, ಮುಗಿಯುವ ದಿನಾಂಕ ಈ ಮೂರನ್ನೂ ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ನೋಡಿ, ತಪ್ಪಿದ್ದರೆ ರಾಮನಗರದಲ್ಲೇ ತಿದ್ದಿಸಿ ಕಳಿಸಿ.